ಎನ್‌ಬಿಎ ಪಂದ್ಯ ಐದಕ್ಕೋ, ಆರಕ್ಕೋ?

ಅಕ್ಟೋಬರ್‌ನಲ್ಲಿ ಬೆಳಗ್ಗೆ 5ಕ್ಕೆ ಬರುತ್ತಿದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೇರಪ್ರಸಾರ ಈಗ 6ಕ್ಕೆ ಏಕೆ, ಡೊಂಬಿವಲಿಯಿಂದ ಮುಂಬೈಗೆ 7ರ ಲೋಕಲ್ ರೈಲು ಹಿಡಿಯುವವರು ನೋಡುವುದು ಹೇಗೆ ಎಂದು ಕೇಳಿದ್ದೀರಿ.

ಪ್ರಸಾರ ಮಾಡುವವರ ತಪ್ಪಲ್ಲ. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನ್ಯೂಯಾರ್ಕಿನ ರಾತ್ರಿ 7.30 ಎಂದರೆ ನಮಗೆ ಮರುದಿನ ಬೆಳಗಿನ 6. ಮಾರ್ಚ್‌ನ ಎರಡನೆಯ ಭಾನುವಾರದಿಂದ ಮತ್ತೆ 5.

ಆಟ 48 ನಿಮಿಷದ್ದಾದರೂ ವಿರಾಮಗಳೆಲ್ಲ ಸೇರಿ ಎರಡು ಗಂಟೆ ದಾಟುತ್ತದೆ. ಕೆಲಸದ ದಿನ ಪೂರ್ತಿ ನೋಡುವ ಆಸೆ ಬಿಡಿ. ಚಳಿಗಾಲದ ಭಾನುವಾರ ಬೆಳಗ್ಗೆ 8.30ಕ್ಕೆ ಲಾಸ್ ಏಂಜಲೀಸ್ ಕಡೆಯ ಪಂದ್ಯವಿದ್ದರೆ ಅದನ್ನೇ ಹಿಡಿಯಿರಿ. ಅಲ್ಲಿ ಆಗ ಶನಿವಾರ ಸಂಜೆ 7. ನಮ್ಮ ಮನೆಯಲ್ಲಿ ದೋಸೆ ತಟ್ಟೆ ಹಿಡಿದು ಎಲ್ಲರೂ ಕೂರುವುದು ಅದಕ್ಕೇ.

ಒಂದು ಮಾತು: ಆಗಾಗ ವೀಕ್ಷಕ ವಿವರಣೆಯ ಸದ್ದು ತಗ್ಗಿಸಿ ನೋಡಿ. 2019ರ ಅಕ್ಟೋಬರ್‌ನಲ್ಲಿ ಮುಂಬೈನ ವರ್ಳಿಯ ಡೋಮ್ ಒಳಾಂಗಣ ಕ್ರೀಡಾಂಗಣದಲ್ಲಿ ಎನ್‌ಬಿಎ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ಆಡಿದಾಗ ನಾನು ಮೇಲಿನ ಸಾಲಿನಲ್ಲಿದ್ದೆ. ಮರದ ನೆಲದ ಮೇಲೆ ಶೂಗಳು ಕಿರುಗುಟ್ಟುವ ಸದ್ದು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಟಿವಿಯಲ್ಲಿ ಅಷ್ಟು ವರ್ಷ ನೋಡಿಯೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.