ಮೊದಲ ಎಂಟು ಪುಟ ಬಿಡಿ, ಒಂಬತ್ತರಿಂದ ಶುರು ಮಾಡಿ

ನಮಸ್ಕಾರ ಮೇಡಂ,

ನೀವು ಕಳಿಸಿದ ‘ಭಾವಿ ಇಂಗ್ಲಿಷ್ ಶಿಕ್ಷಕರಿಗೆ ಸಂಶೋಧನಾ ತರಬೇತಿ: ಒಂದು ಅವಲೋಕನ’ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಒಂಬತ್ತನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಈ ಉದ್ದದ ಪತ್ರ ಅದಕ್ಕಾಗಿ. ಬಿ.ಎಡ್. ಕಾಲೇಜುಗಳಲ್ಲಿ ಇಂಗ್ಲಿಷ್ ಬೋಧನಾ ವಿಧಾನ ಕಲಿಸುವ ಬೇರೆಯವರೂ ಇದೇ ಥರದ ಲೇಖನ ಕಳಿಸುತ್ತಿರುತ್ತಾರೆ. ಅವರಿಗೂ ಉಪಯೋಗ ಆಗಲಿ ಅಂತ, ನೀವು ಒಪ್ಪಿದ ಮೇಲೆ, ನಿಮ್ಮ ಹೆಸರು ಬಿಟ್ಟು ಇದನ್ನು ಪ್ರಕಟಿಸುತ್ತಿದ್ದೇವೆ.

ಲೇಖನ ನೋಡದವರಿಗೆ ಅದರ ಸಾರ ಹೇಳಿಬಿಡುತ್ತೇನೆ. ನಿಮ್ಮ ಕಾಲೇಜಿನ ಬಿ.ಎಡ್. ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಶಾಲೆಗಳಿಗೆ ಹೋದಾಗ ತಲಾ ಒಂದು ಕ್ರಿಯಾ ಸಂಶೋಧನೆ, ಅಂದರೆ ತಮ್ಮದೇ ತರಗತಿಯ ಒಂದು ತೊಂದರೆಯನ್ನು ತಾವೇ ಪರೀಕ್ಷಿಸಿ ನೋಡುವ ಕೆಲಸ, ಮಾಡಬೇಕು. ಅದನ್ನು ಮಾಡಲು ಅವರಿಗೆ ಹೇಗೆ ಕಲಿಸುತ್ತೀರಿ ಅನ್ನುವುದು ವಿಷಯ. ಎಂಟು ಪುಟ ಸಂಶೋಧನೆಯ ಅರ್ಥ, ಮಹತ್ವ, ವಿಧ, ಹಂತಗಳಿಗೆ ಹೋಗಿವೆ. ಆಮೇಲೆ ಎರಡು ಪುಟ ವಿದ್ಯಾರ್ಥಿಗಳು ಮಾಡಿದ ಕೆಲಸ. ಕೊನೆಗೆ ಒಂದು ಕೋಷ್ಟಕ, ಒಂದು ಬಾರ್ ಗ್ರಾಫ್, ಜೊತೆಗೆ ‘ಎಲ್ಲ ಸಂಶೋಧನೆಗಳಲ್ಲೂ ಗಮನಾರ್ಹ ಪ್ರಗತಿ ಕಂಡುಬಂದಿದೆ’ ಎಂಬ ವಾಕ್ಯ.

ಮೊದಲ ಎಂಟು ಪುಟ ತೆಗೆದುಹಾಕಿ. ಕ್ರಿಯಾ ಸಂಶೋಧನೆಯ ಬಗ್ಗೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಬರೆದದ್ದು, ಶಿಕ್ಷಣ ತಜ್ಞ ಸ್ಟೀಫನ್ ಕೋರಿ 1953ರಲ್ಲಿ ಬರೆದದ್ದು ಎಲ್ಲ ಸರಿಯಾಗಿಯೇ ಇದೆ. ಆದರೆ ಅದು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುತ್ತದೆ. ಕೋರಿಯವರ ಬಗ್ಗೆ ಒಂದು ಸಾಲು ಉಳಿಸಿಕೊಳ್ಳಬೇಕೆಂದರೆ ಇದನ್ನು ಉಳಿಸಿಕೊಳ್ಳಿ: ಹೊರಗಿನ ತಜ್ಞರು ಬಂದು ಹೇಳಿ ಹೋದದ್ದು ತರಗತಿಯೊಳಗೆ ಇಳಿಯುವುದು ಕಡಿಮೆ, ಪಾಠ ಮಾಡುವವರೇ ತಮ್ಮ ಪಾಠವನ್ನು ಪರೀಕ್ಷೆ ಮಾಡಿ ನೋಡಬೇಕು ಅನ್ನುವುದು ಅವರ ವಾದ. ನಿಮ್ಮ ಇಡೀ ಲೇಖನ ನಿಲ್ಲಬೇಕಾದದ್ದು ಈ ಒಂದು ಮಾತಿನ ಮೇಲೆ.

ಈಗ ಆ ಪ್ಯಾರಾ. ನಿಮ್ಮದೇ ಮಾತುಗಳಲ್ಲಿ ಕೊಡುತ್ತೇನೆ: ‘ನನ್ನ ಒಬ್ಬ ವಿದ್ಯಾರ್ಥಿನಿ ಆರನೇ ತರಗತಿಯ ಹುಡುಗನಿಂದ ಇಂಗ್ಲಿಷ್ ಪಾಠ ಓದಿಸಿದಳು. ಅವನು ಒಂದು ತಪ್ಪೂ ಇಲ್ಲದೆ ಓದಿದ. ಆಮೇಲೆ ಸಾಲಿನ ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿದಳು. ಅವನು ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಸಾಲಿನ ಮೊದಲಿನಿಂದ ಬಾಯಲ್ಲೇ ಹೇಳಿಕೊಂಡು ಬಂದು ಆ ಪದ ಹೇಳಿದ.’

ಇಷ್ಟು ಬರೆದು ನೀವು ಮುಂದಿನ ಸಾಲಿಗೇ ‘ಹೀಗೆ ಓದುವ ಕೌಶಲದಲ್ಲಿ ಅನೇಕ ಸಮಸ್ಯೆಗಳು ಕಂಡುಬರುತ್ತವೆ’ ಅಂತ ಹೊರಟುಬಿಟ್ಟಿದ್ದೀರಿ. ನಾನಾಗಿದ್ದರೆ ಅಲ್ಲಿಂದ ಏಳುತ್ತಲೇ ಇರಲಿಲ್ಲ. ಆ ಹುಡುಗ ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ವರ್ಷವಿಡೀ ಪಾಠ ಮಾಡಿದ ಟೀಚರ್‌ಗೂ ಅದು ಗೊತ್ತಾಗದೇ ಇದ್ದಿರಬಹುದು. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಒಬ್ಬಳು ಹುಡುಗಿ, ಇನ್ನೂ ಶಿಕ್ಷಕಿ ಆಗದವಳು, ಒಂದು ಬೆರಳಿಟ್ಟು ಅದನ್ನು ಕಂಡುಹಿಡಿದಳು. ಮೇಡಂ, ಅವಳ ಸಂಶೋಧನೆ ಶುರುವಾದದ್ದು ಆ ಗಳಿಗೆಯಲ್ಲಿ. ನೀವು ಅವಳಿಗೆ ಏನು ಹೇಳಿಕೊಟ್ಟಿರಿ? ಅವಳು ಮಾರನೇ ದಿನ ಏನು ಮಾಡಿದಳು? ಓದುಗರು ಇದನ್ನೇ ಕೇಳುತ್ತಾರೆ.

ಆ ಹುಡುಗನ ಪಕ್ಕದಲ್ಲಿ ಕೂತವರ ಕಥೆ ಏನು ಅಂತ ಅವಳು ನೋಡಿದಳಾ? ಪಾಠದ ಪದಗಳನ್ನೇ ಚೀಟಿಗಳಲ್ಲಿ ಬರೆದು, ಕಲೆಸಿ, ಒಂದೊಂದಾಗಿ ತೋರಿಸಿದರೆ ಸಾಕು, ತುಂಬ ವಿಷಯ ಹೊರಗೆ ಬರುತ್ತದೆ. ಒಬ್ಬನಿಗೆ ಪಾಠದ ಸರಣಿ ತಪ್ಪಿದ ಕೂಡಲೇ ಏನೂ ಬರುವುದಿಲ್ಲ. ಇನ್ನೊಬ್ಬಳು ಮೊದಲಕ್ಷರ ನೋಡಿ ಊಹಿಸುತ್ತಾಳೆ, ‘ಹಾರ್ಸ್’ ಅಂತ ಬರೆದಿದ್ದರೆ ‘ಹೌಸ್’ ಅನ್ನುತ್ತಾಳೆ. ಮೂರನೆಯವನು ‘ಎಚ್, ಓ, ಯು, ಎಸ್, ಇ’ ಅಂತ ಸ್ಪೆಲಿಂಗ್ ಗಟ್ಟಿಯಾಗಿ ಹೇಳಿ ನಿಂತುಬಿಡುತ್ತಾನೆ. ಅಕ್ಷರದ ಹೆಸರು ಗೊತ್ತು, ಅವು ಸೇರಿ ಯಾವ ಸದ್ದು ಆಗುತ್ತದೆ ಅಂತ ಗೊತ್ತಿಲ್ಲ. ಮೂವರೂ ‘ಓದಲು ಬಾರದ ಮಕ್ಕಳು’ ಅನ್ನುವ ಒಂದೇ ಪಟ್ಟಿಗೆ ಬೀಳುತ್ತಾರೆ. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ.

ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಹುಡುಗ ಕನ್ನಡ ಹೇಗೆ ಓದುತ್ತಾನೆ? ಕನ್ನಡದಲ್ಲೂ ಪದ ಬಿಡಿಸಿ ತೋರಿಸಿದರೆ ತಡವರಿಸುತ್ತಾನೆ ಅಂದರೆ ತೊಂದರೆ ಇಂಗ್ಲಿಷ್‌ನದ್ದಲ್ಲ, ಅದಕ್ಕಿಂತ ಕೆಳಗಿನದು. ಕನ್ನಡ ಸರಾಗವಾಗಿ ಓದುತ್ತಾನೆ ಅಂದರೆ ಲೆಕ್ಕ ಬೇರೆ. ಕನ್ನಡದಲ್ಲಿ ಬರೆದ ಅಕ್ಷರವೇ ಸದ್ದು ಹೇಳುತ್ತದೆ. ಇಂಗ್ಲಿಷ್‌ನ ‘ಎ’ ಎಂಬ ಒಂದೇ ಅಕ್ಷರ ‘ಕ್ಯಾಟ್’, ‘ಕೇಕ್’, ‘ಕಾರ್’, ‘ಬಾಲ್’ ನಾಲ್ಕರಲ್ಲೂ ಬೇರೆ ಬೇರೆ ಸದ್ದು ಕೊಡುತ್ತದೆ. ಅಕ್ಷರವನ್ನು ನಂಬಿ ಓದು ಕಲಿತ ಮಗುವಿಗೆ ಇಲ್ಲಿ ನಂಬಿಕೆ ಕೈಕೊಡುತ್ತದೆ. ಆಗ ಬಾಯಿಪಾಠ ಒಂದೇ ದಾರಿ ಅಂತ ಅನಿಸಿದ್ದರೆ ಅದು ಆ ಮಗುವಿನ ದಡ್ಡತನ ಅಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಮಾತಾಡುವ ಮಗುವಾದರೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಇಂಗ್ಲಿಷ್ ಅದರ ಮೇಲೆ ಇನ್ನೊಂದು. ನಮ್ಮ ರಾಜ್ಯದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅಂದರೆ ಈ ಹುಡುಗ ಐದು ವರ್ಷ ಇಂಗ್ಲಿಷ್ ತರಗತಿಯಲ್ಲಿ ಕೂತು ಇಲ್ಲಿಗೆ ಬಂದಿದ್ದಾನೆ. ಹೇಗೆ ಬಂದ ಅಂತ ಹುಡುಕುವುದನ್ನು ನಾಳೆಯ ಇಂಗ್ಲಿಷ್ ಟೀಚರ್‌ಗೆ ಕಲಿಸದೆ ಬೇರೆ ಏನು ಕಲಿಸಿದರೂ ನನಗೆ ಸಮಾಧಾನ ಇಲ್ಲ.

ಆದರೆ ನಿಮ್ಮ ವಿದ್ಯಾರ್ಥಿನಿಯ ವರದಿಯ ಹೆಸರು ನೋಡಿ: ‘ಮಿಂಚುಪಟ್ಟಿಗಳ ಬಳಕೆಯಿಂದ ಆರನೇ ತರಗತಿ ವಿದ್ಯಾರ್ಥಿಗಳ ಇಂಗ್ಲಿಷ್ ವಾಚನ ಕೌಶಲ ಸುಧಾರಣೆ’. ಮಿಂಚುಪಟ್ಟಿ ಅಂದರೆ ಪದ ಬರೆದು ತೋರಿಸುವ ಫ್ಲ್ಯಾಶ್‌ಕಾರ್ಡ್. ರೋಗ ಏನು ಅಂತ ತಿಳಿಯುವ ಮೊದಲೇ ಔಷಧಿ ಬರೆದಾಗಿದೆ. ಇದು ಅವಳ ತಪ್ಪಲ್ಲ. ಸಮಸ್ಯೆ, ಸಂಭವನೀಯ ಕಾರಣ, ಕ್ರಿಯಾ ಪ್ರಾಕ್ಕಲ್ಪನೆ (ಹೀಗೆ ಮಾಡಿದರೆ ಹೀಗಾಗಬಹುದು ಎಂಬ ಊಹೆ), ಪೂರ್ವ ಪರೀಕ್ಷೆ (ಕಲಿಸುವ ಮೊದಲು), ಉತ್ತರ ಪರೀಕ್ಷೆ (ಕಲಿಸಿದ ಮೇಲೆ), ಗ್ರಾಫ್ ಅಂತ ಖಾನೆಗಳನ್ನು ಮೊದಲೇ ಕೊಟ್ಟಿದ್ದೀರಿ. ಅವಳು ತುಂಬಿದ್ದಾಳೆ. ಮಕ್ಕಳನ್ನು ಸುಮ್ನೆ ಕೂತು ನೋಡಲು ಆ ನಮೂನೆಯಲ್ಲಿ ಖಾನೆಯೇ ಇಲ್ಲ. ಚಿಲಿ ದೇಶದಲ್ಲಿ 2013ರಿಂದ ಶಾಲೆಗಳ ಇಂಗ್ಲಿಷ್ ಶಿಕ್ಷಕರಿಗೆ ಸಂಶೋಧನೆ ಕಲಿಸುವ ಒಂದು ಕಾರ್ಯಕ್ರಮ ನಡೆಯಿತು. ಬ್ರಿಟಿಷ್ ಕೌನ್ಸಿಲ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಸೇರಿ ಮಾಡಿದ್ದು. ಭಾಷಾ ಬೋಧನೆಯ ಸಂಶೋಧಕ ರಿಚರ್ಡ್ ಸ್ಮಿತ್ ಮುಂತಾದವರು ಅಲ್ಲಿ ರೂಪಿಸಿದ ಕ್ರಮದಲ್ಲಿ ಮೊದಲ ಹಂತ ಬರೀ ಅರ್ಥ ಮಾಡಿಕೊಳ್ಳುವುದು. ಏನಾಗುತ್ತಿದೆ, ಯಾಕೆ ಆಗುತ್ತಿದೆ, ಮಕ್ಕಳಿಗೆ ಏನನಿಸುತ್ತದೆ ಅಂತ ಕೇಳಿ ತಿಳಿಯಬೇಕು. ಏನನ್ನಾದರೂ ಬದಲಿಸಿ ನೋಡುವುದು ಆಮೇಲಿನ ಮಾತು. ದೊಡ್ಡ ತರಗತಿ, ಕಡಿಮೆ ಸಮಯ, ಜಾಸ್ತಿ ಕೆಲಸ ಇರುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಮಾಡಿದ್ದು. ನಮ್ಮ ಪರಿಸ್ಥಿತಿಯೂ ಅದೇ ಅಲ್ವಾ?

ಸಮಯ ಎಲ್ಲಿದೆ ಅಂತ ನೀವು ಕೇಳಬಹುದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮ ಬಂದ ಮೇಲೆ ಎರಡು ವರ್ಷದ ಬಿ.ಎಡ್.ನಲ್ಲಿ ಕನಿಷ್ಠ 20 ವಾರ ಶಾಲೆಗೆ ಮೀಸಲು, ಮೊದಲ ವರ್ಷ 4, ಎರಡನೇ ವರ್ಷ 16. ಈಗ ಸಂಶೋಧನೆ ಬರುವುದು ಕೊನೆಯ ವಾರಗಳಲ್ಲಿ, ಪಾಠ ಯೋಜನೆಯ ರೆಕಾರ್ಡ್ ಬರೆದು ಕೈ ಸೋತ ಮೇಲೆ. ಮೊದಲ ವರ್ಷದ ನಾಲ್ಕು ವಾರದಲ್ಲೇ ಪ್ರಶ್ನೆ ಹುಟ್ಟಲಿ. ಒಂದು ನೋಟ್‌ಬುಕ್ ಕೊಟ್ಟು, ದಿನಕ್ಕೆ ಅರ್ಧ ಪುಟ, ಅರ್ಥ ಆಗದ ಒಂದೇ ಒಂದು ಸಂಗತಿ ಬರೆಯಲು ಹೇಳಿ. ಅದನ್ನು ಕನ್ನಡದಲ್ಲಿ ಬರೆಯಲಿ. ಇಂಗ್ಲಿಷ್ ಟೀಚರ್ ಆಗುವವರು ಕನ್ನಡದಲ್ಲಿ ಯಾಕೆ ಬರೆಯಬೇಕು ಅಂತ ನಿಮ್ಮ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಬರೆಸಿ ನೋಡಿ. ನೀವು ಲಗತ್ತಿಸಿದ ವರದಿಗಳ ಇಂಗ್ಲಿಷ್ ಎಲ್ಲ ಒಂದೇ ಥರ ಇದೆ, ಯಾವ ಶಾಲೆಯ ಯಾವ ಮಗುವಿನ ಬಗ್ಗೆ ಅಂತಲೇ ತಿಳಿಯುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಲು ಕೈಗೆ ಬರುವ ಭಾಷೆ ಬೇಕು. ವರದಿ ಇಂಗ್ಲಿಷ್‌ನಲ್ಲಿ ಆಮೇಲೆ ಆಗಲಿ.

ಇನ್ನು ನಿಮ್ಮ ಬಾರ್ ಗ್ರಾಫ್. ಇಲ್ಲಿ ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ. ಪೂರ್ವ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ತೆಗೆದ ಮಕ್ಕಳನ್ನು ಆರಿಸಿಕೊಂಡಿದ್ದಾರೆ. ಎರಡು ವಾರ ಮಿಂಚುಪಟ್ಟಿ ತೋರಿಸಿ, ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಟ್ಟಿದ್ದಾರೆ. ಅಂಕ ಏರಿದೆ. ಏರದೇ ಇನ್ನೇನಾಗುತ್ತದೆ? ಒಂದು ದಿನ ಅತಿ ಕಡಿಮೆ ಅಂಕ ಬಂದವರಲ್ಲಿ ಕೆಲವರಿಗೆ ಅವತ್ತು ಹುಷಾರಿರುವುದಿಲ್ಲ, ಕೆಲವರು ಹೆದರಿರುತ್ತಾರೆ, ಕೆಲವರಿಗೆ ಅದೃಷ್ಟ ಕೆಟ್ಟಿರುತ್ತದೆ. ಅವರನ್ನೇ ಆರಿಸಿ ಇನ್ನೊಂದು ದಿನ ಪರೀಕ್ಷೆ ಕೊಟ್ಟರೆ, ನಡುವೆ ಏನೂ ಕಲಿಸದಿದ್ದರೂ ಸರಾಸರಿ ಮೇಲೆ ಬರುತ್ತದೆ. ಅದೇ ಪತ್ರಿಕೆ ಆದರಂತೂ ಉತ್ತರ ನೆನಪಿರುತ್ತದೆ. ಜೊತೆಗೆ ಹೊಸ ಟೀಚರ್ ಬಂದು ಹತ್ತೇ ಹತ್ತು ಮಕ್ಕಳನ್ನು ಹತ್ತಿರ ಕೂರಿಸಿಕೊಂಡ ಖುಷಿ ಬೇರೆ. ಇದರಲ್ಲಿ ಮಿಂಚುಪಟ್ಟಿಯ ಪಾಲು ಎಷ್ಟು? ಆ ಗ್ರಾಫ್‌ನಿಂದ ಹೇಳಲು ಸಾಧ್ಯವೇ ಇಲ್ಲ. ಇದಕ್ಕೆ ದೊಡ್ಡ ಸಂಖ್ಯಾಶಾಸ್ತ್ರ ಏನೂ ಬೇಡ. ಎರಡನೇ ಸಲ ಬೇರೆ ಪದಗಳ ಚೀಟಿ ಮಾಡಲಿ. ಪಾಠದಲ್ಲಿ ಇಲ್ಲದ ಹೊಸ ವಾಕ್ಯದಲ್ಲಿ ಅದೇ ಪದಗಳನ್ನು ಇಟ್ಟು ಓದಿಸಲಿ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಲಿ. ಒಂದೊಂದು ಮಗು ಯಾವ ಪದಕ್ಕೆ ಏನಂದಿತು ಅಂತ ಬರೆದಿಡಲಿ. ಐದು ಮಕ್ಕಳಾದರೂ ಸಾಕು, ಐದರ ಬಗ್ಗೆ ಮಾತ್ರ ಹೇಳಲಿ.

ನಮ್ಮ ನೆಲದ ದೊಡ್ಡ ಉದಾಹರಣೆಯೊಂದು ನಿಮ್ಮ ಲೇಖನದಲ್ಲಿ ಇಲ್ಲದ್ದು ನನಗೆ ಬೇಸರ ತಂದಿತು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಮತ್ತು ಜೊತೆಯ ಶಿಕ್ಷಕರು ಬೆಂಗಳೂರು, ಮದ್ರಾಸ್ ಕಡೆಯ ಮಾಮೂಲಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠವನ್ನು ಹೊಸ ರೀತಿಯಲ್ಲಿ ಮಾಡಿ ನೋಡಿದರು. ಜಗತ್ತಿನಲ್ಲಿ ಇಂಗ್ಲಿಷ್ ಬೋಧನೆ ಓದುವವರೆಲ್ಲ ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತಲೇ ಓದುತ್ತಾರೆ. ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಡುತ್ತಿದ್ದರು. ಮಕ್ಕಳು ತಲೆ ಓಡಿಸಿ ಉತ್ತರ ಹುಡುಕಬೇಕು. ಗಮನ ಅರ್ಥದ ಕಡೆ ಇದ್ದಾಗ ಭಾಷೆ ತಾನಾಗಿ ಕೂರುತ್ತದೆ ಎಂಬ ಊಹೆಯನ್ನು ಅವರು ತರಗತಿಯಲ್ಲೇ ಒರೆಗೆ ಹಚ್ಚಿದರು. ಕೊಟ್ಟ ಕೆಲಸ ಹದವಾಗಿದೆಯಾ ಅಂತ ನೋಡಲು ಅವರು ಇಟ್ಟುಕೊಂಡ ಅಳತೆ ನನಗೆ ತುಂಬ ಇಷ್ಟ: ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಬೇಕು. ಯಾವ ಶಿಕ್ಷಕರೂ ನಾಳೆ ಬೆಳಿಗ್ಗೆಯೇ ಬಳಸಬಹುದಾದ ಅಳತೆ ಅದು.

ಆ ಪ್ರಾಜೆಕ್ಟನ್ನು ಹೊರಗಿನವರಿಂದ ಮೌಲ್ಯಮಾಪನವನ್ನೂ ಮಾಡಿಸಿದರು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಫಲಿತಾಂಶ ಒಂದೇ ಕಡೆ ವಾಲಲಿಲ್ಲ. ವ್ಯಾಕರಣ ರಚನೆಯ ಪರೀಕ್ಷೆ ಹಳೆಯ ಕ್ರಮದಲ್ಲಿ ಕಲಿತ ಮಕ್ಕಳ ಕಡೆ ಒಲಿಯಿತು, ಕೆಲಸ ಕೊಟ್ಟು ಮಾಡಿಸುವ ಪರೀಕ್ಷೆ ಪ್ರಾಜೆಕ್ಟಿನ ಮಕ್ಕಳ ಕಡೆ. ಇದ್ದ ತರಗತಿಗಳನ್ನೇ ಹೋಲಿಸಿದ್ದರಿಂದ ಈ ಹೋಲಿಕೆಗೆ ಮಿತಿ ಇದೆ ಅಂತಲೂ ಅವರೇ ಬರೆದರು. ಪ್ರಾಜೆಕ್ಟಿಗೆ ಇದರಿಂದ ಮಾನ ಹೋಗಲಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಓದಿಸಿ. ಹತ್ತಾರು ವರದಿಗಳಲ್ಲಿ ಒಂದೂ ಸೋಲಲಿಲ್ಲ ಅಂದರೆ ಓದುಗರು ನಂಬುವುದಿಲ್ಲ. ಸೋತ ವರದಿಗೆ ಅಂಕ ಕಡಿಮೆ ಬರುತ್ತದೆ ಅಂತ ವಿದ್ಯಾರ್ಥಿಗಳು ಹೆದರಿದ್ದಾರೆ ಅಂತ ನನಗನಿಸುತ್ತದೆ. ಅವರ ಅಂಕದ ಪಟ್ಟಿ ನಿಮ್ಮ ಕೈಯಲ್ಲಿದೆ. ಪ್ರಶ್ನೆ ಎಷ್ಟು ಚೂಪಾಗಿದೆ, ಕಂಡದ್ದನ್ನು ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದಾರೆ, ಇದಕ್ಕೆ ಅಂಕ ಕೊಡುತ್ತೇನೆ ಅಂತ ಮೊದಲ ದಿನವೇ ಹೇಳಿಬಿಡಿ. ಹಳೆಯ ವರದಿಗೆ ಹೊಸ ರಟ್ಟು ಹಾಕಿಸಿ ತರುವ ಚಾಳಿಯೂ ತಾನಾಗಿ ಕಡಿಮೆಯಾಗುತ್ತದೆ.

ಅನುಮತಿಯ ವಿಷಯ ಲೇಖನದಲ್ಲಿ ಎಲ್ಲೂ ಬಂದಿಲ್ಲ. ಮಗು ಓದುವುದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಹೆಡ್‌ಮಾಸ್ಟರ್, ತಂದೆ ತಾಯಿ ಇಬ್ಬರನ್ನೂ ಕೇಳಿರಬೇಕು, ಮಗುವನ್ನೂ. ಎಲ್ಲರ ಮುಂದೆ ಬೆರಳಿಟ್ಟು ಕೇಳಿ ಆ ಹುಡುಗ ನಾಚಿಕೆಪಡುವ ಹಾಗೆ ಆಗಿರಬಾರದು. ಇದೂ ಸಂಶೋಧನೆ ಕಲಿಸುವುದರ ಭಾಗವೇ.

ಹೊಸ ಕರಡು ಹೀಗಿರಲಿ. ಆ ಹುಡುಗಿಯನ್ನು ಕರೆಸಿ, ಅವಳ ನೋಟ್‌ಬುಕ್ ಇದ್ದರೆ ತರಿಸಿಕೊಂಡು, ಒಂದು ಮಧ್ಯಾಹ್ನ ಕೂತು ಮಾತಾಡಿ. ಅವಳ ಒಬ್ಬಳ ಕಥೆಯನ್ನೇ ಬರೆಯಿರಿ: ಅವಳಿಗೆ ಏನು ಕಂಡಿತು, ನಿಮ್ಮ ಹತ್ತಿರ ಏನು ಕೇಳಿದಳು, ನೀವು ಏನು ಹೇಳಿದಿರಿ, ಆ ಮಿಂಚುಪಟ್ಟಿ ಎಲ್ಲಿಂದ ಬಂತು, ಕೊನೆಗೆ ಆ ಹುಡುಗ ಓದಿದನಾ. ಓದದಿದ್ದರೆ ಹಾಗೇ ಬರೆಯಿರಿ. ಅವಳಿಗೆ ಒಪ್ಪಿಗೆ ಇದ್ದರೆ ಲೇಖಕರ ಸಾಲಿನಲ್ಲಿ ಅವಳ ಹೆಸರೂ ಬರಲಿ, ನಿಮ್ಮ ಹೆಸರಿಗಿಂತ ಮೊದಲು. ಶಾಲೆಯ ಹೆಸರು, ಮಗುವಿನ ಹೆಸರು ಬೇಡ. 1,500 ಪದ ಸಾಕು. ದಸರಾ ರಜೆ ಮುಗಿಯುವುದರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಚೀಟಿಗಳ ಫೋಟೊ ಇದ್ದರೆ ಜೊತೆಗಿರಲಿ, ಮಕ್ಕಳ ಮುಖ ಕಾಣುವ ಫೋಟೊ ಬೇಡ.

ವಿಶ್ವಾಸದಿಂದ,
ಸಂಪಾದಕ