ಬರಹಗಾರರಿಗೆ ಸಲಹೆ: ಚುಕ್ಕಿಯ ಬಗ್ಗೆ ಇನ್ನೂ ಬರೆಯಿರಿ

ತೀರ್ಥಹಳ್ಳಿ ಕಡೆಯಿಂದ ‘ಚುಕ್ಕಿ ಹೋದಳು’ ಕಳಿಸಿದ ಗೆಳತಿಗೆ,

ನಿಮ್ಮ ಬರಹ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಒಪ್ಪಲಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಹೊಸದಾಗಿ ಬರೆಯುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಉತ್ತರವನ್ನು ಇಲ್ಲೇ ಕೊಡುತ್ತಿದ್ದೇನೆ.

ಓದುಗರಿಗೆ ವಿಷಯ ಇಷ್ಟು. ತಾಯಿ ಬಿಟ್ಟ ಒಂದು ಕೋಳಿಮರಿಯನ್ನು ನೀವು ಬುಟ್ಟಿಯಲ್ಲಿಟ್ಟು, ಬಲ್ಬಿನ ಶಾಖ ಕೊಟ್ಟು ಸಾಕಿದಿರಿ. ಅದು ಬೆಳೆದು ಹೇಂಟೆ ಆಯಿತು, ಮನೆಯವರೆಲ್ಲ ಚುಕ್ಕಿ ಅಂತ ಕರೆದರು. ಪುಷ್ಯ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಚುಕ್ಕಿ ಸತ್ತಿದ್ದಳು. ಗಾಯ ಇಲ್ಲ, ರಕ್ತ ಇಲ್ಲ, ಪುಕ್ಕ ಚೆಲ್ಲಿಲ್ಲ. ಹಿಂದಿನ ಸಂಜೆ ಉಳಿದ ಕೋಳಿಗಳ ಜೊತೆ ನುಚ್ಚು ತಿಂದಿದ್ದಳು. ಅಜ್ಜಿ ದೃಷ್ಟಿ ಆಯಿತು ಅಂದರು. ಅಪ್ಪ ಅಡಿಕೆ ತೋಟದ ಅಂಚಿನಲ್ಲಿ ಹೂತರು. ಕೊನೆಯ ಪುಟದಲ್ಲಿ ನೀವು, ಪಕ್ಕದ ಮನೆಯವರೇ ವಿಷ ಹಾಕಿದ್ದು ಅಂತ ತೀರ್ಮಾನ ಮಾಡಿದ್ದೀರಿ.

ಆ ಪುಟವನ್ನು ತೆಗೆದುಹಾಕಿ. ನೀವು ಬರೆದ ಪ್ರಕಾರ ಅವರು ಮಾಡಿದ್ದು, ಸೊಪ್ಪಿನ ಮಡಿ ಕೆದರಿದವು ಅಂತ ಒಂದೆರಡು ಸಲ ಗೊಣಗಿದ್ದು. ಅಷ್ಟಕ್ಕೇ ಒಬ್ಬರ ಮೇಲೆ ಕೊಲೆ ಹೊರಿಸುವುದು ತಪ್ಪು. ನಾವು ಅದನ್ನು ಅಚ್ಚು ಹಾಕುವುದೂ ಇಲ್ಲ. ಉಳಿದ ಐದು ಕೋಳಿಗಳು ಅದೇ ಮಡಿಯಲ್ಲಿ ಓಡಾಡಿಕೊಂಡು ಆರಾಮಾಗಿವೆ ಅಂತ ನೀವೇ ಬರೆದಿದ್ದೀರಿ ಅಲ್ವಾ? ಕಾರಣ ಸಿಗದ ಸಾವು ತುಂಬಾ ಹಿಂಸೆ ಕೊಡುತ್ತದೆ, ಒಪ್ಪುತ್ತೇನೆ. ಯಾರಾದರೂ ಒಬ್ಬರು ಸಿಕ್ಕರೆ ಸಿಟ್ಟಾದರೂ ಮಾಡಬಹುದು. ಆದರೆ ನಿಮ್ಮ ಬರಹ ಕೈತಪ್ಪಿದ್ದು ಅಲ್ಲೇ. ಅಲ್ಲಿಯವರೆಗೆ ನಾನು ನಿಮ್ಮ ಜೊತೆ ಗೂಡಿನ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಬೇಲಿ ಜಗಳ ಓದಿದ ಹಾಗಾಯಿತು.

ಹೇಂಟೆಯೊಂದು ರಾತ್ರಿ ಬೆಳಗಾಗುವುದರೊಳಗೆ ಸಾಯಲು ವಿಷವೇ ಬೇಕಿಲ್ಲ. ಹೃದಯ ನಿಂತುಹೋಗಬಹುದು. ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು, ಇಲ್ಲವೇ ಹೊಟ್ಟೆಯೊಳಗೆ ಒಡೆದು ನಂಜಾಗಬಹುದು. ಮುದ್ದಿಗೆ ಅಂತ ಕಾಳು ಜಾಸ್ತಿ ತಿನ್ನಿಸಿದ ಕೋಳಿಗೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ, ಅದು ಒಡೆದು ಒಳಗೇ ರಕ್ತ ಹರಿಯುವುದುಂಟು. ನಮ್ಮ ಮಳೆಗಾಲದಲ್ಲಿ ಚೀಲದೊಳಗಿನ ಜೋಳ, ಹಿಂಡಿ ಬೂಸ್ಟು ಹಿಡಿಯುತ್ತವೆ. ಆ ಬೂಸ್ಟಿನ ನಂಜೂ ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಹಾವು ಕಚ್ಚಿದ್ದರೆ ಗುರುತು ಪುಕ್ಕದಡಿ ಮುಚ್ಚಿಹೋಗಿರುತ್ತದೆ. ಮುಂಗುಸಿ, ಕಾಡುಬೆಕ್ಕು ನುಗ್ಗಿದ್ದರೆ ಸಾಮಾನ್ಯವಾಗಿ ಪುಕ್ಕ, ರಕ್ತ ಕಾಣುತ್ತಿತ್ತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬಂದಿದ್ದರೆ ಲಸಿಕೆ ಹಾಕಿಸದ ಹಿಂಡಿನಲ್ಲಿ ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅದೇ ದಿನ ಐಸಿನ ಜೊತೆ ಇಟ್ಟು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಹತ್ತಿರದ ಪಶು ಆಸ್ಪತ್ರೆಗೋ ಒಯ್ದಿದ್ದರೆ, ಕೊಯ್ದು ನೋಡಿ ಏನಾದರೂ ಹೇಳುತ್ತಿದ್ದರೇನೋ. ಕೊಯ್ದು ನೋಡಿದರೂ ಕೆಲವು ಸಲ ಕಾರಣ ಸಿಗುವುದಿಲ್ಲ. ಈಗಂತೂ ಮಣ್ಣಾಗಿದೆ. ಇಷ್ಟೆಲ್ಲ ಹೇಳಿದ್ದು ಬರಹಕ್ಕೆ ಸೇರಿಸಲಿ ಅಂತಲ್ಲ. ಪಕ್ಕದ ಮನೆಯವರನ್ನು ನಿಮ್ಮ ತಲೆಯಿಂದ ಇಳಿಸಲಿಕ್ಕೆ.

ನಿಮ್ಮನ್ನೂ ಇಳಿಸಿಕೊಳ್ಳಿ. ‘ನಾನು ಸಂಜೆಯೇ ಗಮನಿಸಬೇಕಿತ್ತು’ ಎಂಬ ಮಾತು ನಿಮ್ಮ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೋಳಿ ತನ್ನ ಕಾಯಿಲೆ ಮುಚ್ಚಿಡುತ್ತದೆ. ಅದು ಬೇಟೆಗೆ ಬೀಳುವ ಜೀವ. ಸೋತ ಹಾಗೆ ಕಂಡರೆ ಗಿಡುಗ ಅದನ್ನೇ ಗುರಿ ಹಿಡಿಯುತ್ತದೆ, ಜೊತೆಯ ಕೋಳಿಗಳೂ ಕುಕ್ಕುತ್ತವೆ. ಹಾಗಾಗಿ ಆಗುವಷ್ಟು ದಿನ ಎಲ್ಲದರ ಜೊತೆ ಕೆದರುತ್ತಾ, ತಿಂದ ಹಾಗೆ ಮಾಡುತ್ತಾ ಇರುತ್ತದೆ. ಕೋಳಿ ಸಾಕಿ ಪಳಗಿದವರಿಗೂ ಅದು ತಪ್ಪಿಹೋಗುತ್ತದೆ. ನೀವು ಚುಕ್ಕಿಯನ್ನು ಕಡೆಗಣಿಸಲಿಲ್ಲ.

ಬರವಣಿಗೆಯ ಮಾತಿಗೆ ಬರುತ್ತೇನೆ. ಮಧ್ಯದಲ್ಲಿ ‘ಸಾವೆಂಬ ಕಟುಸತ್ಯ’, ‘ವಿಧಿಯ ಕ್ರೂರ ಲೀಲೆ’ ಅಂತೆಲ್ಲ ದೊಡ್ಡ ಮಾತು ತುಂಬಿದ್ದೀರಿ. ಅವು ಯಾವ ಸಾವಿಗೂ ಹೊಂದುತ್ತವೆ, ಅದಕ್ಕೇ ಚುಕ್ಕಿಯ ಸಾವಿಗೆ ಹೊಂದುವುದಿಲ್ಲ. ಪೂರ್ತಿ ಹೊಡೆದುಹಾಕಿ. ಉಳಿದ ಕೋಳಿಗಳು ‘ಕಣ್ಣೀರಿಟ್ಟವು’ ಅಂತಲೂ ಇದೆ. ನೀವು ಕಂಡಿರಾ? ಅವು ನಿಜಕ್ಕೂ ಏನು ಮಾಡಿದವು? ಹಿಂಡಿನಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಮೇಲೆ ಕೂರಬೇಕು ಎಂಬ ಲೆಕ್ಕ ಇರುತ್ತದೆ. ಒಂದು ಹೋದರೆ ಆ ಲೆಕ್ಕ ಕಲಕಿ ಜಗಳ ಆಗುವುದುಂಟು. ಚುಕ್ಕಿ ಕೂರುತ್ತಿದ್ದ ಜಾಗಕ್ಕೆ ಆ ರಾತ್ರಿ ಯಾವುದು ಹೋಗಿ ಕೂತಿತು? ಗೊತ್ತಿದ್ದರೆ ಅದನ್ನು ಬರೆಯಿರಿ.

ಇನ್ನೊಂದು ವಿಷಯವನ್ನು ನೀವು ಜಾರಿಸಿಬಿಟ್ಟಿದ್ದೀರಿ. ‘ಕೋಳಿ ಸತ್ರೆ ಯಾರಾದ್ರೂ ಅಳ್ತಾರಾ’ ಅಂತ ಚಿಕ್ಕಪ್ಪ ನಕ್ಕಿದ್ದನ್ನು ಬರೆದಿದ್ದೀರಿ, ಅವರು ಕಲ್ಲು ಮನಸ್ಸಿನವರು ಅಂದಿದ್ದೀರಿ. ಆದರೆ ನಿಮ್ಮದೂ ಕಡುಬು, ಕೋಳಿ ಸಾರಿನ ಮನೆ. ಮಾರಿಹಬ್ಬಕ್ಕೆ ಅದೇ ಗೂಡಿನಿಂದ ಹುಂಜ ಹೋಗಿದ್ದು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಸಾಲು ಓದಿ ನಾನು ನೆಟ್ಟಗೆ ಕೂತೆ. ಹುಂಜಕ್ಕೆ ಅಳದವರು ಚುಕ್ಕಿಗೆ ಅತ್ತಿದ್ದೀರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎರಡೂ ಒಟ್ಟಿಗೇ ಇವೆ. ಬಚ್ಚಿಟ್ಟರೆ ಮಾತ್ರ ಓದುಗರಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ. ಚುಕ್ಕಿ ಯಾಕೆ ಬೇರೆ ಆದಳು? ಯಾವ ದಿನದಿಂದ? ಮನೆಯಲ್ಲಿ ಯಾರು ಮೊದಲು ‘ಇದನ್ನ ಕೊಯ್ಯೋದು ಬೇಡ’ ಅಂದರು? ಅದು ಆ ನಕ್ಕ ಚಿಕ್ಕಪ್ಪನೇ ಆಗಿದ್ದರೂ ಬರೆಯಿರಿ.

ನಿಮ್ಮ ಬರಹದಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು ಕಡೆ. ಮಾರನೇ ಸಂಜೆ ಗೂಡು ಮುಚ್ಚುವಾಗ ಐದು ಎಣಿಸಿ, ಬಾಗಿಲು ಹಿಡಿದುಕೊಂಡೇ ನಿಂತಿರಿ ಎಂಬುದು ಒಂದು. ಆ ವಾಕ್ಯದ ಒಂದಕ್ಷರವನ್ನೂ ಮುಟ್ಟಬೇಡಿ. ಇನ್ನೊಂದು, ಹಿಂದಿನ ದಿನ ಚುಕ್ಕಿ ಇಟ್ಟ ಮೊಟ್ಟೆ ಅಕ್ಕಿ ಡಬ್ಬಿಯಲ್ಲಿತ್ತು ಎಂಬುದು. ಅಲ್ಲಿಗೇ ಬಿಟ್ಟು ಮುಂದೆ ಹೋಗಿದ್ದೀರಿ. ಒಂದು ಮೊಟ್ಟೆ ತಯಾರಾಗಲು ಕೋಳಿಯೊಳಗೆ ಸುಮಾರು 24ರಿಂದ 26 ಗಂಟೆ ಬೇಕು. ಆ ಸಂಜೆ ಗೂಡು ಹತ್ತುವಾಗ ಅವಳೊಳಗೆ ಇನ್ನೊಂದು ಬೆಳೆಯುತ್ತಾ ಇದ್ದಿರಲೂಬಹುದು. ಡಬ್ಬಿಯಲ್ಲಿದ್ದ ಮೊಟ್ಟೆಯನ್ನು ಏನು ಮಾಡಿದಿರಿ? ಬೇಯಿಸಿದಿರಾ? ಬೇರೆ ಕೋಳಿಯ ಕಾವಿಗೆ ಇಟ್ಟು 21 ದಿನ ಕಾದಿರಾ? ಅಥವಾ ಯಾರೂ ಮುಟ್ಟದೆ ಅಲ್ಲೇ ಉಳಿಯಿತಾ? ಏನಾಯಿತೋ ಅದನ್ನೇ ಬರೆಯಿರಿ, ಚೆಂದ ಮಾಡಲು ಹೋಗಬೇಡಿ.

ಒಂದು ಸಾವಿರ ಪದ ಸಾಕು. ಗಡುವು ಇಲ್ಲ. ಉಳಿದ ಕೋಳಿಗಳಲ್ಲಿ ಯಾವುದಾದರೂ ತೂಕಡಿಸಿದರೆ, ಜುಟ್ಟು ಕಪ್ಪಾದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಹೊಸ ಪ್ರತಿ ತಯಾರಾದಾಗ ಲಕೋಟೆಯ ಮೇಲೆ ‘ಚುಕ್ಕಿ’ ಅಂತ ಬರೆದು ಕಳಿಸಿ, ನಾನೇ ಓದುತ್ತೇನೆ.

— ಸಂಪಾದಕ