ಓರೆಮ್ ಸಿದ್ಧಾಂತ ವಾರ್ಡಿನಲ್ಲಿ ಎಲ್ಲಿದೆ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಓರೆಮ್ ಅವರ ಸ್ವ-ಆರೈಕೆ ಸಿದ್ಧಾಂತ ಬಾಯಿಪಾಠವಾಗಿದೆ. ವಾರ್ಡಿನಲ್ಲಿ ಅದರಿಂದ ಏನು ಪ್ರಯೋಜನ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ರೋಗಿಗೆ ಬೇಕಾದ ಆರೈಕೆ ಎಷ್ಟು, ಅದರಲ್ಲಿ ತಾವೇ ಮಾಡಿಕೊಳ್ಳಬಲ್ಲದ್ದು ಎಷ್ಟು? ಇವೆರಡರ ನಡುವಿನ ಕೊರತೆಯನ್ನು ತುಂಬುವುದೇ ನರ್ಸ್ ಕೆಲಸ ಎನ್ನುತ್ತಾರೆ ಅಮೆರಿಕದ ನರ್ಸಿಂಗ್ ಚಿಂತಕಿ ಡೊರೊಥಿಯಾ ಓರೆಮ್. ತುಂಬುವ ದಾರಿ ಮೂರು. ಪ್ರಜ್ಞೆಯಿಲ್ಲದವರಿಗೆ ಎಲ್ಲವನ್ನೂ ನಾವೇ ಮಾಡಬೇಕು. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರಿಗೆ ಸ್ವಲ್ಪ ನಾವು, ಸ್ವಲ್ಪ ಅವರು. ಮೂರನೆಯದು ಕಲಿಸಿ ಬೆಂಬಲಿಸುವುದು. ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಇದೇ.

ಹೊಸದಾಗಿ ಇನ್ಸುಲಿನ್ ಶುರುವಾದ ಅಜ್ಜಿಯನ್ನು ತೆಗೆದುಕೊಳ್ಳಿ. ನಡೆಯುತ್ತಾರೆ, ಉಣ್ಣುತ್ತಾರೆ ಎಂದು 'ಸ್ವತಂತ್ರರು' ಅಂತ ಬರೆದುಬಿಟ್ಟರೆ ಅಪಾಯ. ಸಿರಿಂಜಿನ ಗೆರೆ ಕಾಣುತ್ತದೆಯೇ? ಕೈ ನಡುಗುತ್ತದೆಯೇ? ಮನೆಯಲ್ಲಿ ಚುಚ್ಚುವವರು ಯಾರು? ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಇರುವ ಬಾಟಲಿಗಳು ಎರಡೂ ಸಿಗುತ್ತವೆ. ಪ್ರತಿಯೊಂದಕ್ಕೂ ಗೆರೆ ಬೇರೆಯಿರುವ ಅದರದೇ ಸಿರಿಂಜ್ ಇದೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಹೋಗುವುದು 10 ಅಲ್ಲ, 25 ಯೂನಿಟ್. ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಹಾಗಾಗಿ ಬಾಟಲಿ, ಸಿರಿಂಜ್ ಎರಡರ ಮೇಲಿನ ಅಂಕಿಯನ್ನೂ ಹೊಂದಿಸಿ ನೋಡಲು ಮೊದಲು ಕಲಿಸಿ.

'ಅರ್ಥವಾಯಿತಾ ಅಜ್ಜಿ?' ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. 'ಒಮ್ಮೆ ಮಾಡಿ ತೋರಿಸಿ' ಎನ್ನಿ. ಕಣ್ಣು ಮಂಜಾಗಿದ್ದರೆ ಮಗಳಿಗೋ ಸೊಸೆಗೋ ಅಜ್ಜಿಯ ಎದುರೇ ಕಲಿಸಿ. ಇದನ್ನೂ ಹೇಳಿಕೊಡಿ: ಸಕ್ಕರೆ ಕುಸಿದು ನಡುಕ, ಬೆವರು ಬಂದರೆ 3 ಟೀ ಚಮಚ ಸಕ್ಕರೆ ಕದಡಿದ ನೀರು, 15 ನಿಮಿಷದ ಬಳಿಕ ರಕ್ತದ ಸಕ್ಕರೆಯ ಮರುಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಕೇರ್ ಪ್ಲಾನಿನಲ್ಲಿ 'ಜ್ಞಾನದ ಕೊರತೆ' ಎಂದಷ್ಟೇ ಬರೆಯದೆ, ಯಾವ ಹಂತ ಬರಲಿಲ್ಲ ಎಂಬುದನ್ನೂ ಬರೆಯಿರಿ. ಮುಂದಿನ ಪಾಳಿಯವರು ಅಲ್ಲಿಂದಲೇ ಮುಂದುವರಿಸಬಹುದು.